ನಲಿಕಲಿಯಲ್ಲಿ ಕೇಳಿಸಿದ್ದು ನಾಲ್ಕನೇ ತರಗತಿಯಲ್ಲಿ ಯಾಕೆ ಕೇಳಿಸುತ್ತಿಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. 34 ಮಕ್ಕಳು. ಅವರಲ್ಲಿ ಒಬ್ಬ ಹುಡುಗ ಎರಡೂ ಕಿವಿಗೆ ಮೆಷಿನ್ ಹಾಕಿಕೊಂಡು ಬರುತ್ತಾನೆ. ನಲಿಕಲಿಯಲ್ಲಿ ಚುರುಕಾಗಿದ್ದನಂತೆ. ಒಂದರಿಂದ ಮೂರನೇ ತರಗತಿವರೆಗಿನ ಆ ನಲಿಕಲಿ ದಾಟಿ ನನ್ನ ತರಗತಿಗೆ ಬಂದ ಮೇಲೆ ಮಂಕಾಗಿದ್ದಾನೆ. ಉಕ್ತಲೇಖನದಲ್ಲಿ ‘ಮಾವು’ ಅಂದರೆ ‘ಬಾವು’ ಎಂದು ಬರೆಯುತ್ತಾನೆ. ಇಂಥ ಮಕ್ಕಳಿಗೆ ಕಲಿಸುವ ತರಬೇತಿ ನನಗಿಲ್ಲ. ಇವನಿಂದ ನಮ್ಮ ಮಕ್ಕಳ ಪಾಠ ಹಿಂದೆ ಬೀಳುತ್ತದೆ ಎಂದು ಕೆಲವು ಪೋಷಕರು ದೂರುತ್ತಿದ್ದಾರೆ. ವಿಶೇಷ ಶಾಲೆಗೆ ಸೇರಿಸಿ ಎಂದು ಅವನ ತಾಯಿಗೆ ಹೇಳಲೇ?
— ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ನಿಮ್ಮ ಕಾಗದದಲ್ಲಿ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ನಲಿಕಲಿಯಲ್ಲಿ ಚುರುಕಾಗಿದ್ದನಂತೆ. ಒಂದು ಬೇಸಿಗೆ ರಜೆಯಲ್ಲಿ ಹುಡುಗನ ಬುದ್ಧಿ ಮಂಕಾಗುವುದಿಲ್ಲ, ಅಲ್ವಾ? ಹಾಗಾದರೆ ಬದಲಾಗಿದ್ದು ಏನು?

ನಲಿಕಲಿ ಕೋಣೆಗೆ ಒಮ್ಮೆ ಹೋಗಿ ನೋಡಿ. ಮಕ್ಕಳು ಗುಂಪುಗುಂಪಾಗಿ ಕೂತಿರುತ್ತಾರೆ. ಟೀಚರ್ ಅವರ ಜೊತೆಗೇ ಕೂರುತ್ತಾರೆ. ಮುಖ ಕೈಗೆಟುಕುವಷ್ಟು ಹತ್ತಿರ. ಕಾರ್ಡು ಕೈಯಲ್ಲಿ, ಚಿತ್ರ ಕಣ್ಣ ಮುಂದೆ. ಕಲಿಕಾ ಏಣಿಯಲ್ಲಿ ಅವರವರ ಮೆಟ್ಟಿಲು ಅವರವರದು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯನ್ನು ಕಿವಿ ಕೇಳಿಸದ ಮಕ್ಕಳಿಗೆಂದು ಮಾಡಿದ್ದಲ್ಲ. ಆದರೆ ನಿಮ್ಮ ಹುಡುಗನಿಗೆ ಬೇಕಾದದ್ದೆಲ್ಲ ಅಲ್ಲಿ ತಾನಾಗಿಯೇ ಇತ್ತು. ನಾಲ್ಕಕ್ಕೆ ಬಂದ ಮೇಲೆ ಮಕ್ಕಳು ಸಾಲಾಗಿ ಕೂತರು, ಟೀಚರ್ ಬೋರ್ಡಿನ ಹತ್ತಿರ ಹೋದರು. ಅವನ ಕಿವಿ ಮೊದಲಿನಂತೆಯೇ ಇರಬಹುದು. ತರಗತಿಯಂತೂ ಬದಲಾಗಿದೆ.

ಕನ್ನಡಕ ಹಾಕಿದರೆ ಕಾಣುವ ಹಾಗೆ, ಮೆಷಿನ್ ಹಾಕಿದರೆ ಎಲ್ಲ ಕೇಳಿಸುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದು ನಿಮ್ಮ ಮಾತಿನ ಜೊತೆಗೆ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ಪಕ್ಕದ ಕೋಣೆಯ ಮಗ್ಗಿಯನ್ನೂ ಜೋರು ಮಾಡುತ್ತದೆ. ಐದಾರು ಅಡಿ ದಾಟಿದರೆ ಮಾತು ಆ ಗದ್ದಲದಲ್ಲಿ ಕರಗಿಹೋಗುತ್ತದೆ. ಉಳಿದದ್ದನ್ನು ಅವನು ನಿಮ್ಮ ತುಟಿ ನೋಡಿ ತುಂಬಿಕೊಳ್ಳುತ್ತಾನೆ.

ಇನ್ನು ಆ ‘ಮಾವು’. ಕನ್ನಡಿ ಮುಂದೆ ನಿಂತು ದನಿ ಬಿಡದೆ ‘ಪಾವು, ಬಾವು, ಮಾವು’ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ತರಹ ಮುಚ್ಚಿ ತೆರೆಯುತ್ತದೆ. ಅವನು ಕಂಡದ್ದನ್ನೇ ಬರೆದಿದ್ದಾನೆ. ಅದು ದಡ್ಡತನವಲ್ಲ, ಬಹಳ ಕಷ್ಟದ ಕೆಲಸವನ್ನು ಅವನು ಮಾಡುತ್ತಿದ್ದಾನೆ ಎಂಬುದಕ್ಕೆ ಗುರುತು. ಉಕ್ತಲೇಖನದಲ್ಲಿ ಬರೀ ಪದ ಹೇಳಬೇಡಿ. ‘ಮರದಲ್ಲಿ ಮಾವು ಹಣ್ಣಾಗಿದೆ’ ಎಂದು ವಾಕ್ಯ ಹೇಳಿ, ಆಮೇಲೆ ಪದ ಬರೆಸಿ. ಉಳಿದ 33 ಮಕ್ಕಳಿಗೂ ಅದು ಒಳ್ಳೆಯದೇ.

ನನ್ನ ಅಕ್ಕನ ಮಗಳೂ ಮೆಷಿನ್ ಹಾಕಿಕೊಂಡೇ ಓದಿದವಳು. ಅವಳ ಶಾಲೆಯಲ್ಲಿ ಟೀಚರ್ ‘ಅರ್ಥವಾಯ್ತಾ?’ ಎಂದು ಕೇಳುತ್ತಿದ್ದರು. ಅವಳು ಪ್ರತಿ ಸಲವೂ ತಲೆಯಾಡಿಸುತ್ತಿದ್ದಳು. ತರಗತಿ ನಕ್ಕರೆ ತಾನೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ. ಆ ತಡವನ್ನು ಯಾರೂ ಗಮನಿಸಲಿಲ್ಲ. ಎರಡು ವರ್ಷ ಅವಳು ಸುಮ್ನೆ ಕೂತು ಬಂದಳು, ನಾವು ಮನೆಯವರೂ ‘ಹುಡುಗಿ ಶಾಂತ ಸ್ವಭಾವದವಳು’ ಎಂದುಕೊಂಡೆವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕೇಳುತ್ತೇನೆ, ‘ಅರ್ಥವಾಯ್ತಾ’ ಎನ್ನಬೇಡಿ. ‘ಈಗ ಏನು ಮಾಡಬೇಕು, ಹೇಳು ನೋಡೋಣ’ ಎನ್ನಿ.

ಅವನ ಜಾಗವನ್ನು ನಾಳೆಯೇ ಬದಲಿಸಬಹುದು. ತೀರಾ ಮೊದಲ ಸಾಲು ಬೇಡ, ಅಲ್ಲಿ ಕೂತರೆ ಹಿಂದಿನವರು ಉತ್ತರ ಹೇಳುವಾಗ ಅವರ ಮುಖ ಕಾಣುವುದಿಲ್ಲ. ಎರಡನೇ ಸಾಲಿನ ಒಂದು ಬದಿ ಒಳ್ಳೆಯದು. ಕಿಟಕಿ ಅವನ ಬೆನ್ನಿಗಿರಲಿ, ಬೆಳಕು ನಿಮ್ಮ ಮುಖಕ್ಕೆ ಬೀಳಲಿ. ಕಿಟಕಿಗೆ ಬೆನ್ನು ಮಾಡಿ ನೀವು ನಿಂತರೆ ಅವನಿಗೆ ಕಾಣುವುದು ನೆರಳು ಮಾತ್ರ. ಬೋರ್ಡಿಗೆ ಬರೆಯುವಾಗ ಮಾತಾಡಬೇಡಿ. ಬರೆದು, ತಿರುಗಿ, ಆಮೇಲೆ ಹೇಳಿ. ಕೂಗಬೇಕಿಲ್ಲ, ಕೂಗಿದರೆ ತುಟಿಯ ಆಕಾರ ಕೆಡುತ್ತದೆ. ಯಾವ ಪುಟ ಎಂದು ತೋರಿಸಲು ಪಕ್ಕದಲ್ಲಿ ಒಬ್ಬ ಗೆಳೆಯನಿರಲಿ. ಆದರೆ ವಾರಕ್ಕೊಬ್ಬರನ್ನು ಬದಲಿಸಿ. ಒಂದೇ ಮಗುವಿನ ಹೆಗಲಿಗೆ ಆ ಕೆಲಸ ಕಟ್ಟಿದರೆ ಇಬ್ಬರಿಗೂ ಬೇಸರ ಬರುತ್ತದೆ.

ಬೆಳಿಗ್ಗೆ ಎರಡು ನಿಮಿಷ ಮೆಷಿನನ್ನೂ ನೋಡಿಕೊಳ್ಳಿ. ನಿಮ್ಮ ಬಾಯಿಗೆ ಹಾಳೆ ಅಡ್ಡ ಹಿಡಿದು ‘ಆ, ಈ, ಊ, ಮ್, ಶ್, ಸ್’ ಎಂದು ಒಂದೊಂದಾಗಿ ಹೇಳಿ, ಅವನು ತಿರುಗಿ ಹೇಳಲಿ. ಮಾತಿನ ತಗ್ಗು ಸ್ವರದಿಂದ ಏರು ಸ್ವರದವರೆಗೆ ಈ ಆರು ಶಬ್ದಗಳು ಹರಡಿಕೊಂಡಿವೆ. ನಿನ್ನೆ ಕೇಳಿಸಿದ ಶಬ್ದ ಇವತ್ತು ಕೇಳಿಸದಿದ್ದರೆ ಮೊದಲು ಬ್ಯಾಟರಿ ನೋಡಿ. ಮೆಷಿನ್ ಕುಯ್ ಎಂದು ಕೂಗುತ್ತಿದ್ದರೆ ಕಿವಿಯೊಳಗೆ ಕೂರುವ ಅದರ ಅಚ್ಚು ಸಣ್ಣದಾಗಿರಬಹುದು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಅಚ್ಚು ಹೊಸದು ಮಾಡಿಸಬೇಕು. ಕೇಳುವುದೇ ಕಡಿಮೆಯಾಗಿದೆ ಅನ್ನಿಸಿದರೆ ಕಿವಿ ಪರೀಕ್ಷೆ ಮತ್ತೆ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಹಾವೇರಿಯಿಂದ ದೂರವಾಯಿತು ಅನ್ನಿಸಿದರೆ ಬಿ.ಆರ್.ಸಿ.ಯವರು (ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ) ನಡೆಸುವ ವೈದ್ಯಕೀಯ ಮೌಲ್ಯಾಂಕನ ಶಿಬಿರ ಯಾವಾಗ ಎಂದು ಕೇಳಿ.

ತರಬೇತಿ ಇಲ್ಲ ಎಂದಿರಿ. ಅದು ನಿಮ್ಮ ತಪ್ಪಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಿಕ್ಷಕರಿಗೆ ತರಬೇತಿ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ನಮ್ಮ ತಾಲ್ಲೂಕುಗಳಲ್ಲಿ ಬಿ.ಐ.ಇ.ಆರ್.ಟಿ.ಗಳು, ಅಂದರೆ ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಶಾಲೆಯಿಂದ ಶಾಲೆಗೆ ಓಡಾಡುತ್ತಿರುವುದನ್ನು ಕಂಡವರಿಗೆ ಆ ಲೆಕ್ಕ ಎಷ್ಟು ದೂರದ್ದು ಎಂದು ಗೊತ್ತು. ಆದರೂ ಅವರನ್ನು ಕರೆಯಿರಿ. ಬಾಯಲ್ಲಿ ಹೇಳಿ ಬಿಡಬೇಡಿ, ಮುಖ್ಯ ಶಿಕ್ಷಕರ ಸಹಿಯಲ್ಲಿ ಬರೆದು ಕೊಡಿ.

ಪೋಷಕರು ಮತ್ತೆ ದೂರಿದರೆ ಒಂದು ಪೀರಿಯಡ್ ಬಂದು ಕೂರಲು ಹೇಳಿ. ಬೋರ್ಡಿನಲ್ಲಿ ಪದ ಬರೆದು, ಮಕ್ಕಳ ಕಡೆ ತಿರುಗಿ, ನಿಧಾನವಾಗಿ ಪಾಠ ಮಾಡಿದರೆ ಹಿಂದೆ ಬೀಳುವವರು ಯಾರು ಎಂದು ಅವರೇ ನೋಡಲಿ.

ಕಡೆಗೆ ನಿಮ್ಮ ಮುಖ್ಯ ಪ್ರಶ್ನೆ. ವಿಶೇಷ ಶಾಲೆ ಕೆಟ್ಟದ್ದಲ್ಲ. ಮೆಷಿನ್ ಇದ್ದರೂ ಮಾತು ದಕ್ಕದ, ಸನ್ನೆ ಭಾಷೆಯಲ್ಲೇ ಅರಳುವ ಮಕ್ಕಳಿದ್ದಾರೆ. ತಮ್ಮಂತೆಯೇ ಕೈಯಲ್ಲಿ ಮಾತಾಡುವ ಗೆಳೆಯರ ನಡುವೆ ಅವರು ಓದುವುದೇ ಸರಿ. 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ, 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ, ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕನ್ನು 2016ರ ಅದೇ ಕಾಯ್ದೆ ಕೊಟ್ಟಿದೆ. ಆಯ್ಕೆ ಮನೆಯವರದು. ಆದರೆ ಇವನು ಮೂರು ವರ್ಷ ನಿಮ್ಮದೇ ಶಾಲೆಯಲ್ಲಿ ಕೇಳಿ, ಕಲಿತು ಬಂದವನು. ಅವನ ತಾಯಿಯನ್ನು ಕರೆಸಿ, ಆದರೆ ಟಿ.ಸಿ. ಮಾತಿಗಲ್ಲ. ಮನೆಯಲ್ಲಿ ಅವನು ಯಾವ ಮಾತಿಗೆ ತಿರುಗಿ ನೋಡುತ್ತಾನೆ, ಯಾವುದಕ್ಕೆ ನೋಡುವುದಿಲ್ಲ ಎಂದು ಕೇಳಿ. ಎಲ್ಲಿ ಕೂರಿಸಿದರೆ ಚೆನ್ನಾಗಿ ಕೇಳಿಸುತ್ತದೆ ಎಂದು ಅವನನ್ನೂ ಕೇಳಿ.

ದಸರಾ ರಜೆಗೆ ಮುಂಚೆ ನನಗೊಂದು ಕಾಗದ ಹಾಕಿ. ಹುಡುಗ ಈಗ ಎಲ್ಲಿ ಕೂರುತ್ತಿದ್ದಾನೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.
— ಸಂಪಾದಕಿ