‘ಸ್ಕಾಟ್ಲೆಂಡ್ ಫಾರೆವರ್!’ ಚಿತ್ರದ ಕುದುರೆಗಳು ನಮ್ಮ ಮೇಲೇ ನುಗ್ಗಿದಂತೆ ಕಾಣುವುದೇಕೆ? ಬರೆದವರು ಯಾರು?

ಬರೆದವರು ಎಲಿಜಬೆತ್ ಥಾಂಪ್ಸನ್, ಮದುವೆಯಾದ ಮೇಲೆ ಲೇಡಿ ಬಟ್ಲರ್ (1846–1933). 1881ರ ಈ ತೈಲಚಿತ್ರ ಲೀಡ್ಸ್ ಆರ್ಟ್ ಗ್ಯಾಲರಿಯಲ್ಲಿದೆ. ವಸ್ತು, 1815ರ ವಾಟರ್ಲೂ ಕದನದಲ್ಲಿ ರಾಯಲ್ ಸ್ಕಾಟ್ಸ್ ಗ್ರೇಸ್ ಅಶ್ವದಳದ ದಾಳಿ.

ಗುಟ್ಟೆಲ್ಲ ನೋಟದ ಕೋನದಲ್ಲಿದೆ. ಓಡುವ ಕುದುರೆಯನ್ನು ಪಕ್ಕದಿಂದ ಬರೆಯುವುದು ಸುಲಭ, ಕಾಲುಗಳ ಪೂರ್ತಿ ಉದ್ದ ಕಾಣುತ್ತದೆ. ಎದುರಿನಿಂದ ಬರೆದರೆ ಕತ್ತು, ಎದೆ, ಮುಂಗಾಲು ಒಂದರ ಮೇಲೊಂದು ಕೂರುತ್ತವೆ. ಅಳತೆ ಸ್ವಲ್ಪ ತಪ್ಪಿದರೂ ಕುದುರೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಬಟ್ಲರ್ ಆರಿಸಿಕೊಂಡಿದ್ದು ಈ ಕಷ್ಟದ ದಾರಿಯನ್ನೇ. ಚಿತ್ರದಲ್ಲಿ ಶತ್ರುವೇ ಇಲ್ಲ. ಆ ಜಾಗದಲ್ಲಿ ನಾವಿದ್ದೇವೆ! ಕದನ ಕಂಡವರಲ್ಲದಿದ್ದರೂ, ಸೇನಾ ತಾಲೀಮಿನಲ್ಲಿ ನುಗ್ಗಿ ಬರುವ ಕುದುರೆಗಳ ಎದುರೇ ನಿಂತು ಅವುಗಳ ಚಲನೆಯನ್ನು ಗಮನಿಸಿದ್ದರು.

ಆದರೆ ಇದನ್ನು ಇತಿಹಾಸದ ಸಾಕ್ಷಿಯೆಂದು ನಂಬಬೇಡಿ. ಹದಗೆಟ್ಟ ನೆಲ, ಇಕ್ಕಟ್ಟಾದ ಸಾಲುಗಳ ಕಾರಣ ಅಂದು ಆ ದಳ ನಾಗಾಲೋಟದಲ್ಲಿ ಹೊರಡಲಿಲ್ಲ, ಬಿರುಸು ನಡಿಗೆಯಲ್ಲೇ ಮುನ್ನುಗ್ಗಿತು.

ಅಂದಹಾಗೆ, 1874ರ ಇವರ ‘ದಿ ರೋಲ್ ಕಾಲ್’ ಚಿತ್ರ ರಾಣಿ ವಿಕ್ಟೋರಿಯಾ ಪಾಲಾಯಿತು. ಅಷ್ಟಾದರೂ 1879ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಸಹಸದಸ್ಯತ್ವ ಎರಡೇ ಮತಗಳಿಂದ ಕೈತಪ್ಪಿತು.