ಆ ದಿನಗಳ ಬಾಕಿ: ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾಲಕ್ಕೆ ಸೇರಿದವು. ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು; ಅದಕ್ಕಾಗಿ ಸಾರಿದ್ದ ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು ತಿಳಿಸಿದ್ದು 2023ರ ಮೇ 5ರಂದು. ಆದರೆ ಆಗ ಮನೆಯೊಳಗೆ ಅಸ್ತವ್ಯಸ್ತವಾದದ್ದರಲ್ಲಿ ಎಷ್ಟೋ ಸಂಗತಿಗಳು ಇನ್ನೂ ಮಾತಿಗೇ ಬಂದಿಲ್ಲ ಎಂಬುದು ಈ ಪತ್ರಗಳಿಂದ ತಿಳಿಯುತ್ತದೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: 2020ರಲ್ಲಿ ನಮ್ಮಿಬ್ಬರ ಕಚೇರಿಯೂ ಮನೆಗೇ ಬಂತು. ಬಾಗಿಲಿರುವ ಕೋಣೆ ಪತಿಯದಾಯಿತು, ನನ್ನ ಪಾಲಿಗೆ ಊಟದ ಮೇಜು. ಅದರ ಒಂದು ತುದಿಯಲ್ಲಿ ಮಗನ ಆನ್‌ಲೈನ್ ತರಗತಿ, ಇನ್ನೊಂದು ತುದಿಯಲ್ಲಿ ನನ್ನ ಕೆಲಸ. ಹಾಗೆಯೇ ಎರಡು ವರ್ಷ ಕಳೆಯಿತು. ನನಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಈಗ ಆ ವಿಷಯ ತೆಗೆದರೆ, "ಆಗ ಎಲ್ಲರಿಗೂ ಕಷ್ಟವೇ ಇತ್ತು, ಈಗೇಕೆ ಆ ಮಾತು?" ಎನ್ನುತ್ತಾರೆ. ನನ್ನದು ಹಟವೇ?

ಉತ್ತರ: ಹಟವಲ್ಲ. ಎಲ್ಲರಿಗೂ ಕಷ್ಟವಿತ್ತು ಎಂಬುದು ನಿಜ, ಆದರೆ ಎಲ್ಲರದೂ ಒಂದೇ ಕಷ್ಟವಾಗಿರಲಿಲ್ಲ. ಮೊದಲನೆಯ ಮಾತನ್ನು ಹೇಳಿ ಎರಡನೆಯದನ್ನು ಮುಚ್ಚಿಬಿಡುವುದರಿಂದಲೇ ನಿಮಗೆ ನೋವಾಗಿದೆ.

ಇಂಥ ಪತ್ರಗಳನ್ನು ನಾನು ಬಹಳ ಓದಿದ್ದೇನೆ. ಒಂದರಲ್ಲಿಯೂ ಗಂಡ ಆ ಕೋಣೆಯನ್ನು ಜಗಳವಾಡಿ ಪಡೆದನೆಂದು ಇಲ್ಲ. ಮೊದಲ ದಿನ ಯಾರಿಗೆ ತುರ್ತು ಸಭೆಯಿತ್ತೋ ಅವರು ಒಳಗೆ ಹೋದರು, ಮರುದಿನ ಅವರ ಚಾರ್ಜರ್ ಅಲ್ಲಿಯೇ ಇತ್ತು, ವಾರ ಕಳೆಯುವಷ್ಟರಲ್ಲಿ ಅದು "ಅವರ ಕೋಣೆ" ಆಗಿಹೋಗಿತ್ತು. ಯಾರೂ ಕುಳಿತು ತೀರ್ಮಾನಿಸದೆ ಇದ್ದದ್ದರಿಂದಲೇ ಅದನ್ನು ಪ್ರಶ್ನಿಸುವ ಸಂದರ್ಭವೂ ಒದಗಲಿಲ್ಲ. ಮುಚ್ಚಿದ ಬಾಗಿಲು ಮನೆಯ ಮಂದಿಗೆಲ್ಲ ಒಂದು ಸೂಚನೆ: ಒಳಗಿರುವವರನ್ನು ಕರೆಯಬಾರದು. ಹಾಗಾದರೆ ಯಾರನ್ನು ಕರೆಯಬೇಕು? ಬಾಗಿಲಿಲ್ಲದೆ ಕುಳಿತವರನ್ನು. ಸಭೆಯಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಸರಿಯಾಗಿ ಮಗ ತೋಳು ಜಗ್ಗಿ ರಬ್ಬರ್ ಕೇಳುತ್ತಾನೆ. ಒಂದು ಬೆರಳು ಮ್ಯೂಟ್ ಗುಂಡಿಯ ಮೇಲೆ, ಇನ್ನೊಂದು ಕೈ ಪೆನ್ಸಿಲ್ ಡಬ್ಬಿಯೊಳಗೆ, ಕಣ್ಣು ಮಾತ್ರ ಪರದೆಯ ಮೇಲೆ. ರಬ್ಬರ್ ಸಿಗಲು ಅರ್ಧ ನಿಮಿಷ ಸಾಕು. ಕಡಿದುಹೋದ ಯೋಚನೆಯ ಎಳೆಯನ್ನು ಮತ್ತೆ ಹಿಡಿಯಲು ಅರ್ಧ ನಿಮಿಷ ಸಾಲದು. ಇಂಥದು ದಿನಕ್ಕೆ ಎಷ್ಟು ಸಲವಾಯಿತು ಎಂಬುದು ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ, ಆದರೆ ವರ್ಷದ ಕೊನೆಗೆ ನಿಮ್ಮ ಕೆಲಸದ ಮೌಲ್ಯಮಾಪನದಲ್ಲಿ ಅದರ ಫಲ ಕಾಣಿಸಿಕೊಳ್ಳುತ್ತದೆ.

ಇದು ಸಾಂಕ್ರಾಮಿಕ ಹುಟ್ಟಿಸಿದ ಅಸಮತೆಯೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2018ರಲ್ಲಿಯೇ, ಸಂಬಳವಿಲ್ಲದ ಮನೆವಾರ್ತೆ ಮತ್ತು ಆರೈಕೆಯ ಕೆಲಸಕ್ಕೆ ಜಗತ್ತಿನಲ್ಲಿ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಿದ್ದಾರೆ, ಗಂಡಸರು 1 ಗಂಟೆ 23 ನಿಮಿಷ ಕೊಡುತ್ತಿದ್ದಾರೆ ಎಂದು ಲೆಕ್ಕ ಹಾಕಿತ್ತು. ಶಾಲೆ ಮುಚ್ಚಿ, ಶಿಶುವಿಹಾರ ಮುಚ್ಚಿ, ಸಹಾಯಕ್ಕೆ ಬರುತ್ತಿದ್ದವರು ಬರುವುದು ನಿಂತಾಗ ಆ ಕೆಲಸಗಳು ಮಾಯವಾಗಲಿಲ್ಲ. ಮೊದಲೇ ಹೆಚ್ಚು ಹೊತ್ತವರ ಹೆಗಲಿಗೆ ಇನ್ನಷ್ಟು ಬಂದು ಕುಳಿತವು.

ಪತಿಯಿಂದ ಮೊದಲಿಗೇ ಕ್ಷಮೆಯನ್ನು ನಿರೀಕ್ಷಿಸಬೇಡಿ. ಬಿಡುವಿನ ಒಂದು ದಿನ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಆ ಕಾಲದ ಒಂದು ಸಾಮಾನ್ಯ ದಿನವನ್ನು, ಎದ್ದಾಗಿನಿಂದ ಮಲಗುವವರೆಗೆ, ಗಂಟೆಗಂಟೆಯಾಗಿ ನೆನಪಿಸಿಕೊಂಡು ಬರೆಯಿರಿ; ಬರೆದ ಮೇಲೆ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಿ. ಅವರ ಹಾಳೆಯಲ್ಲಿ ನಿಮಗೆ ಗೊತ್ತಿಲ್ಲದ ಸಂಗತಿಗಳಿರಬಹುದು. ಕೆಲಸ ಹೋಗಿಬಿಡುತ್ತದೆ ಎಂಬ ಭಯವನ್ನು ಹೊರಗೆ ತೋರಿಸಿಕೊಳ್ಳದೆ ಆ ಬಾಗಿಲ ಹಿಂದೆ ಕುಳಿತಿದ್ದವರೂ ಬಹಳ ಮಂದಿ. ಅದನ್ನು ನೀವು ಕೇಳಿಸಿಕೊಂಡರೆ ನಿಮ್ಮ ಹಾಳೆಯನ್ನು ಓದಲು ಅವರಿಗೂ ಮನಸ್ಸಾಗುತ್ತದೆ. ವಾರದಲ್ಲಿ ಕೆಲವು ದಿನ ಈಗಲೂ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತೀರಾದರೆ, ಕೋಣೆಯನ್ನು ಇಂದಿನಿಂದಲೇ ವಾರದ ಸರದಿಗೆ ಹಾಕಿ. ಕಚೇರಿಯಲ್ಲಿ ಬಡ್ತಿ ಯಾವ ಅವಧಿಯ ಕೆಲಸದ ಮೇಲೆ, ಯಾವ ಅಳತೆಗೋಲಿನಿಂದ ನಿರ್ಧಾರವಾಯಿತು ಎಂಬುದನ್ನು ಬರಹದಲ್ಲಿ ಕೇಳಿ. ಮುಂದಿನ ಸರದಿಯಲ್ಲಿ ಆ ಎರಡು ವರ್ಷಗಳ ಪರಿಸ್ಥಿತಿಯನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದೂ ಅದರಲ್ಲಿಯೇ ಬರೆಯಿರಿ. "ಈಗೇಕೆ?" ಎಂದು ಮತ್ತೆ ಕೇಳಿದರೆ, ನಾಳೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೂ ಕೆಲಸದ ಹಂಚಿಕೆ ಇದೇ ರೀತಿ ಆಗುತ್ತದೆ, ಅದಕ್ಕಾಗಿ ಈಗಲೇ ಎಂದು ಹೇಳಿ.

ಪ್ರಶ್ನೆ: ಕಚೇರಿಗೆ ಹೋಗಿ ಬರುತ್ತಿದ್ದಾಗ ಇಲ್ಲದ ದಣಿವು ಇಡೀ ದಿನ ವಿಡಿಯೊ ಸಭೆಗಳಲ್ಲಿ ಕುಳಿತರೆ ಏಕೆ ಆಗುತ್ತದೆ? ಸಂಜೆ ಮಕ್ಕಳೊಡನೆ ಮಾತನಾಡಲೂ ಬೇಸರವಾಗುತ್ತದೆ.

ಉತ್ತರ: ಕುಳಿತೇ ಇದ್ದರೂ ದಣಿಯುವುದಕ್ಕೆ ಕಾರಣಗಳಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಾಲ್ಕನ್ನು ಹೆಸರಿಸಿದರು. ನಿಜವಾದ ಸಭೆಯಲ್ಲಿ ಯಾರೂ ನಮ್ಮ ಮುಖಕ್ಕೆ ಅಷ್ಟು ಹತ್ತಿರ ಬಂದು ಎವೆಯಿಕ್ಕದೆ ನೋಡುವುದಿಲ್ಲ, ಪರದೆಯಲ್ಲಿ ಎಲ್ಲರೂ ಹಾಗೆಯೇ ನೋಡುತ್ತಿರುವಂತೆ ತೋರುತ್ತದೆ. ನಮ್ಮ ಮುಖವನ್ನು ನಾವೇ ಗಂಟೆಗಟ್ಟಲೆ ನೋಡಿಕೊಳ್ಳಬೇಕಾಗುತ್ತದೆ. ಕ್ಯಾಮೆರಾದ ಚೌಕಟ್ಟಿನೊಳಗೇ ಇರಬೇಕಾದ್ದರಿಂದ ಮೈ ಅಲುಗಾಡುವುದಿಲ್ಲ. ಎದುರಿಗಿದ್ದಾಗ ತಾನಾಗಿಯೇ ನಡೆಯುವ ತಲೆದೂಗುವಿಕೆ, ಕಣ್ಸನ್ನೆಗಳನ್ನೆಲ್ಲ ಇಲ್ಲಿ ಪ್ರಯತ್ನಪೂರ್ವಕವಾಗಿ ಮಾಡಬೇಕು ಮತ್ತು ಓದಬೇಕು. ಆದ್ದರಿಂದ ನಿಮ್ಮದೇ ಚಿತ್ರವನ್ನು ಪರದೆಯಿಂದ ಮರೆಮಾಡಿ, ಎಲ್ಲರ ಮುಖಗಳನ್ನು ಚಿಕ್ಕದಾಗಿಸಿ. ಬರೀ ಮಾತಿನಿಂದ ಮುಗಿಯುವ ಸಭೆಯನ್ನು ಫೋನಿನಲ್ಲಿ, ನಡೆದಾಡುತ್ತ ಮುಗಿಸಿ.

ಹಿಂದೆ ಕಚೇರಿಯಿಂದ ಮನೆಗೆ ಬರುವ ದಾರಿಯಲ್ಲಿ ಮನಸ್ಸಿಗೆ ಒಂದಿಷ್ಟು ಹೊತ್ತು ಸಿಗುತ್ತಿತ್ತು, ಈಗ ಲ್ಯಾಪ್‌ಟಾಪ್ ಮುಚ್ಚಿದ ಮರುಕ್ಷಣವೇ ನೀವು ಮನೆಯವರ ಪಾಲಾಗುತ್ತೀರಿ. ಕೆಲಸ ಮುಗಿದ ಮೇಲೆ ಹದಿನೈದು ನಿಮಿಷ ಹೊರಗೆ ನಡೆದು ಬಂದು, ಆಮೇಲೆ ಮಕ್ಕಳ ಬಳಿ ಕುಳಿತುಕೊಳ್ಳಿ.

ಪ್ರಶ್ನೆ: ಕ್ವಾರಂಟೈನ್ ಬೇರೆ, ಐಸೊಲೇಷನ್ ಬೇರೆಯೇ? ಆರಂಭದಲ್ಲಿ 14 ದಿನ ಎಂದು ನಿಗದಿ ಮಾಡಿದ್ದೇಕೆ?

ಉತ್ತರ: ಬೇರೆಯೇ. ಸೋಂಕು ದೃಢಪಟ್ಟವರನ್ನು ಪ್ರತ್ಯೇಕವಾಗಿಡುವುದು ಐಸೊಲೇಷನ್. ಸೋಂಕಿತರ ಸಂಪರ್ಕಕ್ಕೆ ಬಂದು, ಇನ್ನೂ ಆರೋಗ್ಯವಾಗಿರುವವರನ್ನು ಕಾದುನೋಡುವುದು ಕ್ವಾರಂಟೈನ್. ಮೊದಮೊದಲ ವೈರಾಣುವಿನಲ್ಲಿ ರೋಗಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದಾರು ದಿನ ಬೇಕಾಗುತ್ತಿತ್ತು, ಬಹುತೇಕ ಎಲ್ಲರಲ್ಲಿಯೂ 14 ದಿನದೊಳಗೆ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೇ ಆ ಲೆಕ್ಕ. ಒಮಿಕ್ರಾನ್ ಬಂದ ಮೇಲೆ ಈ ಅವಧಿ ಇನ್ನೂ ಕಿರಿದಾಯಿತು. ಪದ್ಧತಿ ಮಾತ್ರ ಹಳೆಯದು: ಈಗ ಕ್ರೊಯೇಷಿಯಾದ ಡುಬ್ರೊವ್ನಿಕ್ ಎನಿಸಿಕೊಂಡಿರುವ ರಗೂಸಾ ಬಂದರು 1377ರಲ್ಲಿ, ಪ್ಲೇಗ್ ಇದ್ದ ಕಡೆಗಳಿಂದ ಬಂದವರನ್ನು 30 ದಿನ ಹೊರಗೆ ನಿಲ್ಲಿಸುವ ಕಟ್ಟಳೆ ತಂದಿತು; ಮುಂದೆ ಅದು 40 ದಿನವಾಗಿ, ಇಟಲಿಯ ಮಾತಿನ ನಲವತ್ತರಿಂದಲೇ ಕ್ವಾರಂಟೈನ್ ಎಂಬ ಹೆಸರು ಹುಟ್ಟಿತು.

ಪ್ರಶ್ನೆ: ನನ್ನ ಮಗಳ ಒಂದನೆಯ ತರಗತಿ ಪೂರ್ತಿ ಮೊಬೈಲ್ ಪರದೆಯಲ್ಲಿಯೇ ನಡೆಯಿತು. ಈಗ ದೊಡ್ಡ ತರಗತಿಯಲ್ಲಿದ್ದಾಳೆ, ಲೆಕ್ಕದಲ್ಲಿ ಚುರುಕು, ಆದರೆ ಗಟ್ಟಿಯಾಗಿ ಓದು ಎಂದರೆ ತಡವರಿಸುತ್ತಾಳೆ, ಅಕ್ಷರ ನಿಧಾನ. ಸೋಮಾರಿತನವೆಂದು ಬಹಳ ಗದರಿದ್ದೇನೆ.

ಉತ್ತರ: ಗದರುವುದನ್ನು ಇಂದೇ ನಿಲ್ಲಿಸಿ. 2020ರಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿ, ಸುಮಾರು 160 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಪೆಟ್ಟು ಬಿತ್ತು. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಸರಳವಾದ ಒಂದು ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳಲಾಗದ ಹತ್ತು ವರ್ಷದ ಮಕ್ಕಳ ಪ್ರಮಾಣವು ಶೇ 57ರಿಂದ ಸುಮಾರು ಶೇ 70ಕ್ಕೆ ಏರಿದೆಯೆಂದು ವಿಶ್ವಬ್ಯಾಂಕ್ ಮತ್ತು ಯುನಿಸೆಫ್ ಮುಂತಾದ ಸಂಸ್ಥೆಗಳು 2022ರಲ್ಲಿ ಅಂದಾಜು ಮಾಡಿದವು. ಅಷ್ಟೊಂದು ಮಕ್ಕಳು ಒಟ್ಟಿಗೇ ಸೋಮಾರಿಗಳಾಗಲು ಸಾಧ್ಯವಿಲ್ಲ.

ಒಂದನೆಯ ತರಗತಿಯಲ್ಲಿ ಮಗು ಅಕ್ಷರವನ್ನು ಕಣ್ಣಿನಿಂದಷ್ಟೇ ಕಲಿಯುವುದಿಲ್ಲ. ಗುರುಗಳು ಬಂದು ಅದರ ಕೈ ಹಿಡಿದು ತಿದ್ದಿಸುತ್ತಾರೆ, ಪೆನ್ಸಿಲ್ ಹಿಡಿತವನ್ನು ಸರಿಮಾಡುತ್ತಾರೆ, ಪಕ್ಕದ ಮಗು ತಪ್ಪು ಓದಿದ್ದನ್ನು ಕೇಳಿ ಇದು ತಾನೇ ತಿದ್ದಿಕೊಳ್ಳುತ್ತದೆ. ಎಲ್ಲರೂ ಒಟ್ಟಾಗಿ ರಾಗವಾಗಿ ಓದುವಾಗ ತಡವರಿಸಿದ ಒಂದು ದನಿ ಗುಂಪಿನೊಳಗೆ ಮುಚ್ಚಿಹೋಗುತ್ತದೆ, ಆದ್ದರಿಂದ ಓದಲು ಅಂಜಿಕೆಯಿರುವುದಿಲ್ಲ. ಅಂಗೈಯಗಲದ ಪರದೆಯಲ್ಲಿ ನಿಮ್ಮ ಮಗಳಿಗೆ ಸಿಗದೆ ಹೋದದ್ದು ಇವೆಲ್ಲ, ಪಠ್ಯಪುಸ್ತಕದ ಪಾಠವೊಂದೇ ಅಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ ಅವಳ ಪಕ್ಕದಲ್ಲಿ, ಎದುರಿಗಲ್ಲ, ಕುಳಿತುಕೊಳ್ಳಿ. ಅವಳ ತರಗತಿಗಿಂತ ಎರಡು ಮೆಟ್ಟಿಲು ಕೆಳಗಿನ ಪುಸ್ತಕವನ್ನು ತೆಗೆದುಕೊಂಡು ಒಂದು ಸಾಲು ನೀವು ಓದಿ, ಅದೇ ಸಾಲನ್ನು ಅವಳು ಓದಲಿ. ಎಡವಿದಲ್ಲಿ ತಕ್ಷಣ ತಿದ್ದದೆ ಮೂರು ಎಣಿಸುವಷ್ಟು ಹೊತ್ತು ಕಾಯಿರಿ. ಚಿಕ್ಕ ಮಕ್ಕಳ ಪುಸ್ತಕವೆಂದು ಅವಳು ನಾಚಿಕೊಂಡರೆ, ಮನೆಯಲ್ಲಿ ತನಗಿಂತ ಚಿಕ್ಕವರಿಗೆ ಓದಿ ಹೇಳುವ ಕೆಲಸವನ್ನು ಅವಳಿಗೆ ವಹಿಸಿ. ಕೆಲವು ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ, ಓದು-ಬರಹ ಕಲಿಯುವುದನ್ನೇ ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಎಂಬ ತೊಡಕು ಇದೆಯೇ ಎಂದೂ ತಜ್ಞರಲ್ಲಿ ಕೇಳಿ. ಎಲ್ಲ ತೊಡಕನ್ನೂ ಸಾಂಕ್ರಾಮಿಕದ ಮೇಲೆ ಹೊರಿಸಿದರೆ ನಿಜವಾದ ಕಾರಣ ಕಣ್ತಪ್ಪಿಹೋಗಬಹುದು. ಇಷ್ಟು ದಿನ ಗದರಿದ್ದು ನಿಮ್ಮದೇ ತಪ್ಪೆಂದು ಅವಳಿಗೆ ನೀವೇ ಹೇಳಿಬಿಡಿ, ಮಕ್ಕಳು ಅದನ್ನು ಮರೆಯುವುದಿಲ್ಲ.

ಪ್ರಶ್ನೆ: 2021ರಲ್ಲಿ ನಮ್ಮ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಳಗೆ ಬಿಡಲಿಲ್ಲ, ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ. ಕೊನೆಯ ದಿನ ಅವರು ಮಾಡಿದ ಫೋನ್ ಕರೆಯನ್ನು, ಸಭೆಯಲ್ಲಿದ್ದೆನೆಂದು ನಾನು ತೆಗೆದುಕೊಳ್ಳಲಿಲ್ಲ. ಇದನ್ನು ತಾಯಿಗೂ ತಮ್ಮನಿಗೂ ಇಂದಿಗೂ ಹೇಳಿಲ್ಲ. ಮನೆಯಲ್ಲಿ ಆ ದಿನದ ಮಾತನ್ನೇ ಯಾರೂ ಎತ್ತುವುದಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಉತ್ತರ ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲಿಯೂ ಒಬ್ಬರು ಹದಿನೇಳು ದಿನ ಕೋಣೆಯೊಳಗೆ ಪ್ರತ್ಯೇಕವಾಗಿದ್ದರು. ಬಾಗಿಲ ಹೊರಗೆ ಒಂದು ಕುರ್ಚಿ ಇಟ್ಟು, ಅದರ ಮೇಲೆ ತಟ್ಟೆ ಇಟ್ಟು, ಎರಡು ಸಲ ಬಾಗಿಲು ತಟ್ಟಿ ನಾನು ದೂರ ಸರಿಯುತ್ತಿದ್ದೆ. ಬಾಗಿಲು ತೆರೆದು ಮುಚ್ಚುವ ಸದ್ದು ಕೇಳುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದೆ. ಅವರು ಗುಣವಾಗಿ ಹೊರಗೆ ಬಂದರು. ಆ ಸದ್ದು ಕೇಳಿಸದೆ ಹೋದ ಮನೆಗಳಲ್ಲಿ ನಿಮ್ಮದೂ ಒಂದು.

2020 ಮತ್ತು 2021ರಲ್ಲಿ, ಸಾಮಾನ್ಯ ವರ್ಷಗಳಿಗೆ ಹೋಲಿಸಿದರೆ, ಜಗತ್ತಿನಲ್ಲಿ ಸುಮಾರು 1 ಕೋಟಿ 49 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವುಗಳಲ್ಲಿ ಎಷ್ಟೋ ಸಾವುಗಳಿಗೆ ಬೀಳ್ಕೊಡುಗೆಯೇ ಇರಲಿಲ್ಲ. ದೇಹವನ್ನು ನೋಡದೆ, ನಾಲ್ಕು ಜನ ಸೇರಿ ಅಳದೆ ಆದ ಅಗಲಿಕೆಯನ್ನು ಮನಸ್ಸು ಪೂರ್ತಿಯಾಗಿ ನಂಬುವುದಿಲ್ಲ. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತ ಇಂಥ ಅಸ್ಪಷ್ಟ ಅಗಲಿಕೆಯನ್ನು ಗುರುತಿಸಿದರು. ನಿಮ್ಮ ಮನೆಯವರು ಮಾತನಾಡದಿರುವುದು ಮರೆತಿದ್ದರಿಂದಲ್ಲ.

ಫೋನಿನ ವಿಷಯ. ದಿನವೂ ಕರೆ ಬರುತ್ತಿದ್ದಾಗ, ಇದೇ ಕೊನೆಯದೆಂದು ತಿಳಿಯುವ ದಾರಿ ನಿಮಗಿರಲಿಲ್ಲ. ನೀವು ಒಂದು ಕರೆಯನ್ನು ಬಿಟ್ಟಿರಿ, ತಂದೆಯನ್ನು ಬಿಡಲಿಲ್ಲ. ಅವರ ಪಕ್ಕದಲ್ಲಿರಬೇಕಾಗಿದ್ದ ನೀವು ಸಭೆಯಲ್ಲಿದ್ದದ್ದೂ ನಿಮ್ಮ ಆಯ್ಕೆಯಾಗಿರಲಿಲ್ಲ; ಒಳಗೆ ಬಿಟ್ಟಿದ್ದರೆ ನೀವು ಅಲ್ಲಿಯೇ ಇರುತ್ತಿದ್ದಿರಿ. ಮೊದಲು ತಮ್ಮನೊಬ್ಬನಿಗೆ ಹೇಳಿ. ಅವನ ಬಳಿಯೂ ಇಂಥದೇ ಒಂದು ಮಾತು ಉಳಿದಿರಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಆಮೇಲೆ ಇಬ್ಬರೂ ಸೇರಿ ತಾಯಿಯ ಬಳಿ ಕುಳಿತು, ತಂದೆಯ ಕಾಯಿಲೆಯ ದಿನಗಳನ್ನಲ್ಲ, ಅವರು ಚೆನ್ನಾಗಿದ್ದ ದಿನಗಳನ್ನು ಕೇಳಿ. ಕಾಯಿಲೆಯ ಮಾತು ತಾನಾಗಿ ಬರುತ್ತದೆ. ಆಗ ಆಗದೆ ಹೋದ ಬೀಳ್ಕೊಡುಗೆಯನ್ನು, ಆಪ್ತರನ್ನು ಕರೆದು, ನಿಮಗೆ ಸರಿಕಂಡ ರೀತಿಯಲ್ಲಿ ಈಗ ನಡೆಸಬಹುದು. ತಡವಾಯಿತೆಂದು ಯಾರೂ ಎಣಿಸುವುದಿಲ್ಲ. ಇಷ್ಟಾದ ಮೇಲೂ ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಆರು ತಿಂಗಳು ದಾಟಿಯೂ ಬದುಕನ್ನು ತಡೆದು ನಿಲ್ಲಿಸುವ ದುಃಖವನ್ನು ವೈದ್ಯಕೀಯ ವರ್ಗೀಕರಣವೂ ಈಗ ಚಿಕಿತ್ಸೆ ಬೇಕಾದ ಸ್ಥಿತಿಯೆಂದೇ ಪರಿಗಣಿಸುತ್ತದೆ.

ಪ್ರಶ್ನೆ: ಆಗ ಕೆಲಸ ಕಳೆದುಕೊಂಡು ಹದಿನಾಲ್ಕು ತಿಂಗಳು ಮನೆಯಲ್ಲಿದ್ದೆ. ಸಂದರ್ಶನಗಳಲ್ಲಿ ಆ ಖಾಲಿ ಅವಧಿಯ ಬಗ್ಗೆ ಕೇಳಿದಾಗ ತಲೆ ತಗ್ಗಿಸುವಂತಾಗುತ್ತದೆ. ಏನು ಹೇಳಲಿ?

ಉತ್ತರ: ನಡೆದದ್ದನ್ನೇ ಹೇಳಿ. 2020ರಲ್ಲಿ ಜಗತ್ತಿನಾದ್ಯಂತ ಶೇ 8.8ರಷ್ಟು ದುಡಿಮೆಯ ಗಂಟೆಗಳು ನಷ್ಟವಾದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಅದು 25.5 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ. ನಿಮ್ಮ ಹದಿನಾಲ್ಕು ತಿಂಗಳಿನ ಒಂದು ಭಾಗವೂ ಅದರಲ್ಲಿ ಸೇರಿದೆ. ಅರ್ಜಿಯಲ್ಲಿ ತಿಂಗಳುಗಳನ್ನು ಹಿಂದೆಮುಂದೆ ಎಳೆದು ಮರೆಮಾಡಬೇಡಿ, ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ನಂಬುವುದಿಲ್ಲ. ಸಾಂಕ್ರಾಮಿಕದಿಂದಾಗಿ ಹುದ್ದೆ ರದ್ದಾಯಿತು ಎಂದು ಒಂದು ಸಾಲು ಬರೆದು, ಆ ಅವಧಿಯಲ್ಲಿ ನೀವು ಮನೆಯಲ್ಲಿ ಯಾರ ಆರೈಕೆ ನೋಡಿಕೊಂಡಿರಿ, ಏನು ಕಲಿತಿರಿ, ಯಾವ ಬಿಡಿ ಕೆಲಸ ಮಾಡಿದಿರಿ ಎಂಬುದನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ಹಿಂದಿನ ಕಚೇರಿಯಿಂದ ಬಿಡುಗಡೆಯ ಪತ್ರ ಸಿಕ್ಕಿರದಿದ್ದರೆ ಈಗಲಾದರೂ ಬರೆದು ಕೇಳಿ ಪಡೆದುಕೊಳ್ಳಿ. ಅದರಲ್ಲಿ ಕಾರಣವನ್ನು ನಮೂದಿಸಿದ್ದರೆ ಸಂದರ್ಶನದಲ್ಲಿ ನೀವು ಹೆಚ್ಚು ವಿವರಿಸಬೇಕಾಗುವುದಿಲ್ಲ.