ಪೆನ್‌ಡ್ರೈವ್ ಉಬುಂಟುವಿಗೆ ಅಪ್‌ಗ್ರೇಡ್ ಒತ್ತಲಾ ಅಂತ ಕೇಳಿದವರಿಗೆ

ಹಾರ್ಡ್‌ಡಿಸ್ಕ್ ಸತ್ತ ಲ್ಯಾಪ್‌ಟಾಪ್, ಪುಣೆಯ ಪಿಜಿ ರೂಮು, ಪೆನ್‌ಡ್ರೈವಿನಲ್ಲಿ ಲೈವ್ ಉಬುಂಟು, ಅಂದರೆ ಇನ್‌ಸ್ಟಾಲ್ ಮಾಡದೆ ಡ್ರೈವಿನಿಂದಲೇ ಓಡುವ ಲಿನಕ್ಸ್. ಈಗ ಅದು ಅಪ್‌ಡೇಟ್ ಕೇಳುತ್ತಿದೆ, ಒತ್ತಲಾ ಅಥವಾ ಮೊದಲು 64 ಜಿಬಿ ಡ್ರೈವ್ ಕೊಳ್ಳಲಾ ಅಂತ ನಿಮ್ಮ ಪ್ರಶ್ನೆ. ಊರಿನ ಹೆಸರು ಬದಲಿಸಿದರೆ ಇದು ನಾನೇ. ಒತ್ತಬೇಡಿ.

2017. ಕುಂದಾಪುರದಿಂದ ಬಂದು ಡೊಂಬಿವಲಿಯಲ್ಲಿ ಮಾವನ ಹೋಟೆಲಿನ ಮೇಲಿನ ಕೋಣೆಯಲ್ಲಿ ಇದ್ದೆ. ಸಂಜೆ ಕಾಲೇಜು, ರಾತ್ರಿ ಹೋಟೆಲಿನ ಲೆಕ್ಕ ಬರೆಯುವುದು. ಡಿಸ್ಕ್ ಕೈಕೊಟ್ಟಾಗ ಹೊಸದಕ್ಕೆ ದುಡ್ಡಿರಲಿಲ್ಲ, ಮಾವನ ಹತ್ತಿರ ಕೇಳುವ ಧೈರ್ಯವೂ ಇರಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನಲ್ಲಿ 16 ಜಿಬಿ ಪೆನ್‌ಡ್ರೈವ್ ತಂದೆ. ಗೆಳೆಯನ ಕಂಪ್ಯೂಟರಿನಲ್ಲಿ ಯುನೆಟ್‌ಬೂಟಿನ್ (ಲೈವ್ ಪೆನ್‌ಡ್ರೈವ್ ಮಾಡುವ ತಂತ್ರಾಂಶ) ಹಾಕಿ ಉಬುಂಟು 16.04 ಇಳಿಸಿ, ನನ್ನ ಫೈಲುಗಳು ಉಳಿಯಲಿ ಅಂತ 4 ಜಿಬಿ ಜಾಗ ಕೊಟ್ಟೆ. ಅದಕ್ಕಿಂತ ಜಾಸ್ತಿ ಕೊಡಲು ಆಗುತ್ತಿರಲಿಲ್ಲ, ಆ ಜಾಗ ಅಂದರೆ ಒಂದೇ ಫೈಲು, ಫ್ಯಾಟ್32 ಅನ್ನುವ ರೀತಿ ಫಾರ್ಮ್ಯಾಟ್ ಮಾಡಿದ ಡ್ರೈವಿನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಐದು ತಿಂಗಳು ಆರಾಮಾಗಿ ನಡೆಯಿತು.

ಒಂದು ರಾತ್ರಿ ಅಪ್‌ಡೇಟ್ ಕಿಟಕಿ ಎದ್ದು ಬಂತು. ಸಭ್ಯ ಹುಡುಗ ನಾನು, ಒತ್ತಿದೆ. ಮುನ್ನೂರು ಚಿಲ್ಲರೆ ಪ್ಯಾಕೇಜು, ಅಂದರೆ ತಂತ್ರಾಂಶದ ಕಟ್ಟು.

ತಪ್ಪು ಎಲ್ಲಿ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ. ಹೋಟೆಲಿನ ಮೆನು ಕಾರ್ಡ್ ನೋಡಿದ್ದೀರಲ್ಲ, ದರ ಏರಿದಾಗ ಹೊಸ ಕಾರ್ಡ್ ಮಾಡಿಸದೆ ಹಳೇ ದರದ ಮೇಲೆ ಚೀಟಿ ಅಂಟಿಸುತ್ತಾರೆ. ಲೈವ್ ಉಬುಂಟು ಥೇಟ್ ಹಾಗೆ. ಕೆಳಗೆ ಇರುವುದು ಸ್ಕ್ವಾಷ್‌ಎಫ್‌ಎಸ್ ಅನ್ನುವ ಒತ್ತಿ ಮಡಚಿದ ಒಂದೇ ಫೈಲು, ಅದನ್ನು ಓದಬಹುದು, ಬದಲಿಸಲಾಗದು. ನೀವು ಮಾಡಿದ್ದೆಲ್ಲ ಕ್ಯಾಸ್ಪರ್-ಆರ್‌ಡಬ್ಲ್ಯೂ ಅನ್ನುವ ಇನ್ನೊಂದು ಫೈಲಿನಲ್ಲಿ ಚೀಟಿಯಾಗಿ ಕೂರುತ್ತದೆ. ಅಪ್‌ಗ್ರೇಡ್ ಮಾಡಿದರೆ ಹಳೇ ಪ್ಯಾಕೇಜ್ ಹೋಗುವುದಿಲ್ಲ, ಅದರ ಮೇಲೆ ಹೊಸದು ಅಂಟುತ್ತದೆ, ಅದೂ ಮಡಚದೆ ಪೂರ್ತಿ ಗಾತ್ರದಲ್ಲಿ. ಜಾಗ ಮಾಡೋಣ ಅಂತ ಜೊತೆಗೇ ಬಂದಿದ್ದ ಆಟಗಳನ್ನು ಅಳಿಸಿದರೆ? "ಇದು ಇಲ್ಲ" ಅನ್ನುವ ಖಾಲಿ ಚೀಟಿ ಅಂಟುತ್ತದೆ ಅಷ್ಟೇ. ಒಂದು ಎಂಬಿಯೂ ವಾಪಸ್ ಬರುವುದಿಲ್ಲ. ನಾನು ಅದನ್ನೂ ಮಾಡಿದ್ದೆ!

ಇಷ್ಟೆಲ್ಲ ಆಗಿಯೂ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಹಳೆಯದೇ. ಬೂಟ್ ಆಗುವಾಗ ಕರ್ನಲ್ ಏಳುವುದು ಆ ಚೀಟಿಗಳಿಂದಲ್ಲ, ಡ್ರೈವಿನ ಕ್ಯಾಸ್ಪರ್ ಫೋಲ್ಡರಿನಲ್ಲಿ ಮೊದಲ ದಿನ ಕೂತ ಫೈಲಿನಿಂದ. ಹೊಸ ಕರ್ನಲ್ ಇಳಿಯಿತು, ಜಾಗ ತಿಂದಿತು, ಕೆಲಸಕ್ಕೆ ಬರಲಿಲ್ಲ.

ನಡುವೆ ಜಾಗ ಮುಗಿಯಿತು. ಎದುರಿಗೆ ಆ ತಿಂಗಳ ಲೆಕ್ಕದ ಶೀಟ್ ತೆರೆದಿತ್ತು. ಗಾಬರಿಯಲ್ಲಿ ಸೇವ್ ಒತ್ತಿದೆ. ಆಮೇಲೆ ರೀಸ್ಟಾರ್ಟ್. ಉಬುಂಟು ಗುರುತು ಬಂತು, ಆಮೇಲೆ ಕಪ್ಪು ಪರದೆ. ಮರುದಿನ ಬೇರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕ್ಯಾಸ್ಪರ್-ಆರ್‌ಡಬ್ಲ್ಯೂ ಫೈಲನ್ನು ಲೂಪ್ ಮೌಂಟ್ ಮಾಡಿದಾಗ (ಫೈಲನ್ನೇ ಒಂದು ಡಿಸ್ಕಿನಂತೆ ತೆರೆದಾಗ) ಎಲ್ಲ ಸಿಕ್ಕಿತು, ಆ ಶೀಟ್ ಮಾತ್ರ ಸೊನ್ನೆ ಬೈಟ್. "ಎಂತ ಮಾರಾಯ, ಲೆಕ್ಕ ಎಲ್ಲಿ?" ಅಂತ ಮಾವ. ಕಂಬಿಗೆ ಚುಚ್ಚಿಟ್ಟ ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಸಾಂಬಾರಿನ ಕಲೆ ಒರೆಸಿ, ಮೂರು ರಾತ್ರಿ ಕೂತು ಮತ್ತೆ ಬರೆದೆ.

ಹಾಗಾಗಿ 64 ಜಿಬಿ ಮಾತು ಬಿಡಿ. ಯುನೆಟ್‌ಬೂಟಿನ್ ಥರದ್ದೇ ಆದ ಈಗಿನ ರೂಫಸ್‌ನಲ್ಲಿ ಪರ್ಸಿಸ್ಟೆನ್ಸ್ (ನಿಮ್ಮ ಬದಲಾವಣೆ ಉಳಿಯುವ ಜಾಗ) ಬೇರೆ ಪಾರ್ಟಿಷನ್ ಆಗಿ ಬರುತ್ತದೆ, 4 ಜಿಬಿ ಮಿತಿ ಇಲ್ಲ, ಒಪ್ಪಿದೆ. ಆದರೆ ದೊಡ್ಡ ಡ್ರೈವ್ ಅಂದರೆ ಚೀಟಿ ಅಂಟಿಸಲು ಜಾಸ್ತಿ ಜಾಗ, ಅಷ್ಟೇ. ಲೈವ್ ಡ್ರೈವ್ ಅಪ್‌ಡೇಟ್ ಮಾಡುವ ವಸ್ತುವೇ ಅಲ್ಲ. ಬ್ರೌಸರ್ ಒಂದನ್ನು ಹೊಸದು ಮಾಡಿಕೊಳ್ಳಿ, ಸಾಕು. ಫೈಲುಗಳನ್ನು ಇವತ್ತೇ ಇನ್ನೊಂದು ಡ್ರೈವಿಗೆ ಹಾಕಿ, ಹೊಸ ಐಎಸ್‌ಒ (ಉಬುಂಟುವಿನ ಡೌನ್‌ಲೋಡ್ ಫೈಲು) ಬಂದಾಗ ಇದನ್ನು ಅಳಿಸಿ ಮೊದಲಿಂದ ಬರೆಯಿರಿ. ಪಪ್ಪಿ ಅನ್ನುವ ಪುಟ್ಟ ಲಿನಕ್ಸ್‌ನವರು ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು. ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು ಅದು. ಇಡೀ ಸಿಸ್ಟಂ ರ್‍ಯಾಮ್‌ಗೆ ಏರುತ್ತದೆ, ನಿಮ್ಮದು ಬೇರೆ ಸೇವ್ ಫೈಲಿನಲ್ಲಿ ಇರುತ್ತದೆ, ಅಪ್‌ಡೇಟ್ ಅಂದರೆ ಮೂಲ ಫೈಲುಗಳನ್ನೇ ಬದಲಿಸುವುದು. ಗುಟ್ಟು ಕಾಯುವ ಲೈವ್ ಲಿನಕ್ಸ್ ಟೇಲ್ಸ್ ತಾನಾಗಿಯೇ ಅಪ್‌ಗ್ರೇಡ್ ಆಗುತ್ತದೆ ನಿಜ, ಆದರೆ ಇಂಟರ್ನೆಟ್ಟಿನದೆಲ್ಲ ಗುರುತು ಮರೆಸುವ ಟಾರ್ ಜಾಲದ ಮೂಲಕ ಹೋಗುತ್ತದೆ, ದಿನದ ಕೆಲಸಕ್ಕೆ ತಲೆನೋವು.

ಇಲ್ಲ, ನನಗೆ ಎಲ್ಲ ಅಪ್‌ಡೇಟ್ ಬೇಕೇ ಬೇಕು ಅಂದರೆ ಪೆನ್‌ಡ್ರೈವ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿ ತಂದು ಅದಕ್ಕೇ ಪೂರ್ತಿ ಇನ್‌ಸ್ಟಾಲ್ ಮಾಡಿ. ಒಂದೇ ಎಚ್ಚರ: ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ಕೂತು ಮಾಡುವುದಾದರೆ ಮೊದಲು ಅವನ ಡಿಸ್ಕ್ ಬಿಚ್ಚಿಡಿ. ನೀವು ಯುಎಸ್‌ಬಿ ಆರಿಸಿದ್ದರೂ ಉಬುಂಟು ಇನ್‌ಸ್ಟಾಲರ್ ಬೂಟ್‌ಲೋಡರನ್ನು (ಸಿಸ್ಟಂ ಎಬ್ಬಿಸುವ ಗ್ರಬ್ ಅನ್ನುವ ತಂತ್ರಾಂಶ) ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲುಗಳ ಜಾಗಕ್ಕೆ) ಹಾಕಿಬಿಡುವುದುಂಟು. ಬೆಳಿಗ್ಗೆ ನಿಮ್ಮ ಡ್ರೈವ್ ಇಲ್ಲದೆ ಅವನು ಆನ್ ಮಾಡಿದರೆ ವಿಂಡೋಸ್ ಬದಲು ಗ್ರಬ್‌ನ ಕಪ್ಪು ಪರದೆ ಕಣ್ಣು ಮಿಟುಕಿಸುತ್ತಿರುತ್ತದೆ.